ಒಳ್ಳೆಯ ಕೀವು

ಫೋರ್ಟ್ ಕೆಲ್ಸೋ, ಡಕೋಟಾ ಪ್ರಾಂತ್ಯ
೧೯ ಜೂನ್ ೧೮೭೭

ನನ್ನ ಪ್ರೀತಿಯ ಡಾಕ್ಟರೇ,

ಮೊದಲು ನಿಮ್ಮ ಮಂಡಿ ಹೇಗಿದೆ, ಅದನ್ನು ಹೇಳಿ. ಗಾಡಿಯಲ್ಲಿ ಹೋಗಿ ಎಂದು ಅಷ್ಟು ಬಡಿದುಕೊಂಡರೂ ಕುದುರೆಯನ್ನೇ ಹತ್ತಿ ಹೊರಟಿರಿ. ನೀವು ವೈದ್ಯರಾಗಿ ಜೊತೆಗೆ ಹೋಗಿರುವ ಆ ರೈಲುದಾರಿ ಅಳೆಯುವ ಹುಡುಗರ ಮುಂದೆ ಮುದುಕನಂತೆ ಕಾಣಬಾರದೆಂಬ ಹಟ ನಿಮಗೆ. ಪೆಟ್ಟಿಗೆಯ ತಳದಲ್ಲಿ ಕೆಂಪು ಫ್ಲಾನೆಲ್ ಪಟ್ಟಿ ಇಟ್ಟಿದ್ದೇನೆ. ನೀವು ಇನ್ನೂ ಅದನ್ನು ಕಂಡಿರಲಿಕ್ಕಿಲ್ಲ, ಏಕೆಂದರೆ ನೀವು ಇದುವರೆಗೆ ಯಾವ ಪೆಟ್ಟಿಗೆಯ ತಳವನ್ನೂ ಕಂಡವರಲ್ಲ. ಮಲಗುವಾಗ ಅದನ್ನು ಸುತ್ತಿಕೊಳ್ಳಿ. ಹಲ್ಲುನೋವು ಮತ್ತೆ ಬಂದರೆ ಲವಂಗದೆಣ್ಣೆ ಹಚ್ಚಿ. ಹೋದ ಸಲದ ಹಾಗೆ ಇಕ್ಕಳ ತೆಗೆದುಕೊಂಡು ನೀವೇ ಕಿತ್ತುಕೊಳ್ಳಲು ಹೋಗಬೇಡಿ. ದಂಡಿಗೆಲ್ಲ ಔಷಧಿ ಕೊಡುವ ಮನುಷ್ಯ ತನಗೊಂದು ಗುಟುಕು ಔಷಧಿ ಕುಡಿಯುವುದಿಲ್ಲ ಎಂದು ಯಾರ ಮುಂದೆ ಹೇಳಿಕೊಳ್ಳಲಿ? ಇಲ್ಲಿ ನೀವು ಹೇಳಿಹೋದಂತೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಮಳೆಯ ಲೆಕ್ಕ ಬರೆದಿಡುತ್ತಿದ್ದೇನೆ. ಗಾಳಿಯಂತೂ ಕೇಳಬೇಡಿ. ಒಗೆದು ಹರವಿದ ಬಟ್ಟೆಯನ್ನು ಲಾಯದ ಬೇಲಿಯವರೆಗೂ ಹೋಗಿ ಬಿಡಿಸಿಕೊಂಡು ಬರಬೇಕು. ಹಸು ಚೆನ್ನಾಗಿದೆ.

ಹೇಳಬೇಕಾದದ್ದನ್ನು ಹೇಳಲಾರದೆ ಹಸುವಿನ ಸುದ್ದಿ ಬರೆಯುತ್ತಿದ್ದೇನೆ. ಡಾಕ್ಟರೇ, ನಿಂತುಕೊಂಡಿದ್ದರೆ ಎಲ್ಲಾದರೂ ಕುಳಿತು ಓದಿ. ನಮ್ಮ ಹೆಟ್ಟಿ ಕುದುರೆಯಿಂದ ಬಿದ್ದಿದ್ದಾಳೆ. ಬದುಕಿದ್ದಾಳೆ, ಮಾತಾಡುತ್ತಾಳೆ, ಗಾಬರಿಯಾಗಬೇಡಿ. ಹೋದ ಬುಧವಾರ ದೋಣಿಕಟ್ಟೆಯ ಇಳಿಜಾರಿನಲ್ಲಿ ಕುದುರೆಯ ಮುಂಗಾಲು ಯಾವುದೋ ಬಿಲಕ್ಕೆ ಇಳಿದು ಅದು ಮುಗ್ಗರಿಸಿತು. ಇವಳ ಎಡಗಾಲು ಅದರಡಿ ಸಿಕ್ಕಿತು. ಮಂಡಿಯಿಂದ ಒಂದು ಗೇಣು ಕೆಳಗೆ ಮೂಳೆ ಮುರಿದು, ತುದಿ ಚರ್ಮ ಹರಿದುಕೊಂಡು ಹೊರಗೆ ಬಂದಿತ್ತು. ಕಾವಲಿನವರು ಬಾಗಿಲ ಹಲಗೆಯ ಮೇಲೆ ಮಲಗಿಸಿ ತಂದರು. ಮೈತುಂಬ ಮಣ್ಣು, ಕಾಲ್ಚೀಲದ ತುಂಬ ರಕ್ತ. ನನ್ನನ್ನು ಕಂಡವಳೇ, "ಅಮ್ಮಾ, ಜೂನೋನ ಹೊಡೀಬೇಡಿ ಅಂತ ಹೇಳು, ಅದ್ರದ್ದೇನೂ ತಪ್ಪಿಲ್ಲ" ಎಂದಳು. ಕುದುರೆಯ ಚಿಂತೆ ಇವಳಿಗೆ! ಕ್ಯಾನ್ಸಸಿನಲ್ಲಿ ಇಬ್ಬರನ್ನು ಕಾಲರಾಕ್ಕೆ ಕೊಟ್ಟು ಬಂದ ಮೇಲೆ ಉಳಿದವಳು ಇವಳೊಬ್ಬಳೇ. ಆ ಹಲಗೆಯ ಹಿಂದೆ ನಡೆಯುತ್ತ ನಾನು ದೇವರಲ್ಲಿ ಏನು ಬೇಡಿಕೊಂಡೆನೋ ನನಗೇ ನೆನಪಿಲ್ಲ.

ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ನನಗೆ ಗೊತ್ತು. ಉತ್ತರ-ದಕ್ಷಿಣದ ಯುದ್ಧದ ಕಾಲದಿಂದ ನಿಮ್ಮ ಬೋಗುಣಿ ಹಿಡಿದು ನಿಂತ ಬ್ರಾನಿಗನ್ನನಿಗೂ ಗೊತ್ತು. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ನಿಮ್ಮ ಗರಗಸದ ಪೆಟ್ಟಿಗೆಯನ್ನು ಮೇಜಿನ ಮೇಲೆ ತೆರೆದಿಟ್ಟಿದ್ದ. ಮೂಳೆ ಹೊರಬಂದ ಕಾಲಿಗೆ ದಂಡಿನಲ್ಲಿ ಬೇರೆ ಯಾವ ಚಿಕಿತ್ಸೆಯಿದೆ? ಆದರೆ ನಿಮ್ಮ ಜಾಗಕ್ಕೆಂದು ಕರಾರಿನ ಮೇಲೆ ಬಂದಿದ್ದಾನಲ್ಲ ಆ ಡಾಕ್ಟರ್ ಪೆನ್ರೋಸ್, ಅವನು ಗರಗಸದ ಕಡೆ ತಿರುಗಿಯೂ ನೋಡಲಿಲ್ಲ. ಬಂದವನೇ ಕೈ ತೊಳೆಯಲು ಬಿಸಿನೀರು ಕೇಳಿದ. ಊಟದ ಮಧ್ಯದಲ್ಲಿ ಎದ್ದು ಬಂದನೇನೋ ಅಂದುಕೊಂಡೆ. ಇಲ್ಲವಂತೆ, ಮಗುವಿನ ಗಾಯ ಮುಟ್ಟುವ ಮುಂಚೆ ತೊಳೆಯಬೇಕಂತೆ! ನೀವು ಮುಟ್ಟಿದ ಮೇಲೆ ತೊಳೆಯುವುದನ್ನು ಕಂಡಿದ್ದೇನೆ, ಮುಂಚೆ ತೊಳೆಯುವವರನ್ನು ಇವನೊಬ್ಬನನ್ನೇ ಕಂಡೆ. ಆಮೇಲೆ ಒಂದು ಸೀಸೆ ತೆಗೆದ. ರೈಲುಹಳಿಯ ದಿಮ್ಮಿಗಳಿಗೆ ಬಳಿಯುತ್ತಾರಲ್ಲ, ಅಂಥದೇ ಡಾಂಬರಿನ ನಾತ. ಅದನ್ನು ನೀರಿಗೆ ಬೆರೆಸಿ ಗಾಯಕ್ಕೆ ಸುರಿದ, ಚಿಮುಟಕ್ಕೆ ಸುರಿದ, ತನ್ನ ಬೆರಳಿಗೆ ಸುರಿದುಕೊಂಡ, ಕೊನೆಗೆ ಬ್ರಾನಿಗನ್ನನ ಕೈಗೂ ಸುರಿದ. ಬ್ರಾನಿಗನ್ನನ ಮುಖ ನೋಡಬೇಕಿತ್ತು ನೀವು. "ಅಮ್ಮಾವ್ರೇ, ಈ ಕೈ ಸಾವಿರ ಕಾಲು ಹಿಡಿದಿದೆ, ಇದುವರೆಗೂ ಯಾರೂ ಗಲೀಜು ಅಂದಿರ್ಲಿಲ್ಲ" ಎಂದು ಆಮೇಲೆ ನನ್ನ ಹತ್ತಿರ ಗೊಣಗಿದ.

ನಾನು ಕತ್ತರಿಸಿ ಎಂದೆ. ಹೌದು, ಹೆತ್ತ ತಾಯಿಯೇ ಹೇಳಿದೆ. ಹನ್ನೆರಡರ ಹುಡುಗಿ ಮರದ ಕಾಲಿನಲ್ಲಿ ನಡೆದರೂ ನಡೆಯಲಿ, ಬದುಕಿರಲಿ ಎಂದೆ. ಪೆನ್ರೋಸ್ ಒಪ್ಪಲಿಲ್ಲ. "ಈ ಕಾಲು ಉಳಿಯತ್ತೆ ಮೇಡಂ. ನನಗೆ ಎರಡು ವಾರ ಕೊಡಿ. ಅಲ್ಲೀವರೆಗೆ ನಾನು ಬಿಟ್ಟು ಬೇರೆ ಯಾರೂ ಗಾಯದ ಪಟ್ಟೀನ ಮುಟ್ಟಬಾರ್ದು, ನೀವೂ ಕೂಡ" ಎಂದ. ಹೆಟ್ಟಿ ನನ್ನ ಏಪ್ರನ್ನನ್ನು ಎರಡು ಕೈಯಲ್ಲೂ ಹಿಡಿದುಕೊಂಡು, "ಅಮ್ಮಾ, ಅವ್ರು ಹೇಳ್ದಂಗೆ ಕೇಳಮ್ಮ, ದಮ್ಮಯ್ಯ" ಎಂದು ಅತ್ತಳು. ಆ ಕೈಗಳನ್ನು ಬಿಡಿಸಿಕೊಳ್ಳುವ ಗಟ್ಟಿತನ ನನ್ನಲ್ಲಿರಲಿಲ್ಲ. ಹೂಂ ಎಂದುಬಿಟ್ಟೆ. ಅವನು ಮೂಳೆ ಕೂಡಿಸಿ, ದಬ್ಬೆ ಕಟ್ಟಿ, ಆ ಡಾಂಬರಿನ ನೀರಿನಲ್ಲೇ ಅದ್ದಿದ ಪಟ್ಟಿ ಸುತ್ತಿದ. ಅಂದಿನಿಂದ ಇಂದಿನವರೆಗೆ ನನಗೆ ಅನ್ನ ಸೇರುತ್ತಿಲ್ಲ ಎಂದರೆ ಸುಳ್ಳಲ್ಲ.

ಈಗ ಅವಳನ್ನು ಮನೆಗೇ ತಂದು ನಿಮ್ಮ ಓದುವ ಕೋಣೆಯಲ್ಲಿ ಮಲಗಿಸಿದ್ದೇವೆ. ಡಾಕ್ಟರೇ, ಅವಳ ಗಾಯದಲ್ಲಿ ಕೀವು ಕಟ್ಟಿಲ್ಲ. ಒಂದು ತೊಟ್ಟೂ ಇಲ್ಲ. ಪೆನ್ರೋಸ್ ಪಟ್ಟಿ ಬದಲಿಸುವಾಗ ಪಕ್ಕದಲ್ಲೇ ನಿಂತು ನೋಡುತ್ತೇನೆ. ಗಾಯದ ಅಂಚು ತೆಳು ಗುಲಾಬಿ ಬಣ್ಣಕ್ಕೆ ತಿರುಗಿದೆ, ಒಳಗೆ ಒದ್ದೆಯೇ ಇಲ್ಲ, ಬಟ್ಟೆಗೆ ಏನೂ ಅಂಟುವುದಿಲ್ಲ. ವಾಸನೆಯೆಂದರೆ ಆ ಡಾಂಬರಿನದು ಮಾತ್ರ. ಜ್ವರವೂ ಬಂದಿಲ್ಲ. ಇಷ್ಟು ದೊಡ್ಡ ಏಟು ಬಿದ್ದರೂ ಹಣೆ ಮುಟ್ಟಿದರೆ ತಣ್ಣಗಿದೆ. ಅಂದರೆ ದೇಹ ಕಾದಾಡುವುದನ್ನೇ ಬಿಟ್ಟು ಮಲಗಿದೆ ಎಂದಲ್ಲವೇ ಅರ್ಥ? ಮೂರನೆಯ ದಿನ ಜ್ವರ ಬರಬೇಕು, ಅದರ ಬೆನ್ನಿಗೇ ಕೀವು ಬರಬೇಕು, ಕೀವು ಬಂದರೆ ಬದುಕಿದ ಎಂದು ಬರೆದುಕೋ — ಇದು ನಿಮ್ಮದೇ ಮಾತು. ಇವಳಾದರೋ ಒಣ ಸೇಬಿನ ಕಡುಬು ಬೇಕು ಎನ್ನುತ್ತಾಳೆ, ಮೊಟ್ಟೆ ಬೇಕು ಎನ್ನುತ್ತಾಳೆ, ಕಿಟಕಿಯಾಚೆ ಕಹಳೆಯವನು ಅಪಸ್ವರ ಊದಿದರೆ ನಗುತ್ತಾಳೆ. ಇವತ್ತು ಬೆಳಿಗ್ಗೆ ನಾನು ಕಣ್ಣೊರೆಸಿಕೊಳ್ಳುವುದನ್ನು ಕಂಡು, "ಕಾಲು ಮುರ್ಕೊಂಡಿರೋದು ನಾನು, ಅಳೋದು ನೀನು. ನಾವಿಬ್ರೂ ಜಾಗ ಬದ್ಲಾಯಿಸ್ಕೊಳ್ಳೋಣ ಬಾ" ಎಂದು ತಮಾಷೆ ಮಾಡಿದಳು. ನಾನು ನಗುವಂತೆ ಮಾಡಿ ಅಡುಗೆಮನೆಗೆ ಹೋಗಿಬಿಟ್ಟೆ.

ಪೆನ್ರೋಸನನ್ನು ಕೇಳದೆ ಬಿಟ್ಟೆ ಅಂದುಕೊಂಡಿರಾ? ದಿನಕ್ಕೆ ಎರಡು ಸಲ ಕೇಳುತ್ತೇನೆ. ಕೀವು ಎಲ್ಲಿ ಎಂದರೆ ಅವನು ಹಿಗ್ಗುತ್ತಾನೆ! "ಕೀವು ಬರ್ಲಿಲ್ಲ ಅನ್ನೋದೇ ನಮ್ಮ ಗೆಲುವು ಮೇಡಂ. ಕೀವು ಅಂದ್ರೆ ಒಳ್ಳೇದಲ್ಲ, ಅದು ಕೊಳೆ, ವಿಷ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಿಗಳು ನಮ್ಮ ಕೈಯಿಂದ, ಬಟ್ಟೆಯಿಂದ ಗಾಯದೊಳಗೆ ಹೋಗ್ತವೆ. ಅವನ್ನ ಬಾಗಿಲಲ್ಲೇ ತಡೆದ್ರೆ ಕೀವೇ ಆಗಲ್ಲ" ಎಂದು ಪಾಠ ಒಪ್ಪಿಸುತ್ತಾನೆ. ಸಮುದ್ರದಾಚೆಯ ಯಾರೋ ಪ್ರೊಫೆಸರರು ಹಾಗೆ ಹೇಳಿದ್ದಾರಂತೆ, ಇವನು ಫಿಲಡೆಲ್ಫಿಯಾದಲ್ಲಿ ಕೇಳಿ ಬಂದಿದ್ದಾನಂತೆ. ಕಣ್ಣಿಗೆ ಕಾಣದ್ದನ್ನು ನೀನು ಹೇಗಪ್ಪ ಕಂಡೆ ಎಂದು ಕೇಳಿದೆ. ಅವನು ಪಾಪ ಕೆಂಪಾದ. ಕೆಟ್ಟ ಹುಡುಗನಲ್ಲ ಡಾಕ್ಟರೇ. ಹೆಟ್ಟಿಗೆ ಪುಸ್ತಕ ಓದಿ ಹೇಳುತ್ತಾನೆ, ಎಂದೂ ಜೋರುದನಿಯಲ್ಲಿ ಮಾತಾಡುವುದಿಲ್ಲ. ಆದರೆ ಯುದ್ಧ ನಡೆದಾಗ ಅವನಿನ್ನೂ ಅಂಗಳದಲ್ಲಿ ಬುಗುರಿ ಆಡುತ್ತಿದ್ದವನು. ಅವನ ಗಡ್ಡ ಕೂಡ ಇನ್ನೂ ಸರಿಯಾಗಿ ಬೆಳೆದಿಲ್ಲ.

ನಾನು ಗಾಯ ನೋಡುವುದನ್ನು ಕಲಿತದ್ದು ನಿಮ್ಮ ಹತ್ತಿರ, ಟೆನೆಸ್ಸಿಯ ಆ ಮಾಡು ಹಾರಿಹೋದ ಇಗರ್ಜಿಯಲ್ಲಿ. ನೀವು ಅಂದು ಒಹಾಯೋದ ಚರ್ಮ ಹದಮಾಡುವವನ ಮಗ. ಎರಡು ಚಳಿಗಾಲ ವೈದ್ಯ ಕಲಿತು ನೇರವಾಗಿ ರಣರಂಗಕ್ಕೆ ಬಂದಿದ್ದಿರಿ, ಮೊದಲ ಕಾಲು ಕತ್ತರಿಸಿದ ದಿನ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಿರಿ. ನಾನು ನೀರು ತಂದುಕೊಟ್ಟೆ. ನಮ್ಮ ಪ್ರೇಮ ಶುರುವಾದದ್ದೇ ಹಾಗೆ, ಹೇಳಿದರೆ ಯಾರಾದರೂ ನಂಬುತ್ತಾರೆಯೇ? ಒಂದು ವರ್ಷ ಕಳೆಯುವಷ್ಟರಲ್ಲಿ ಜನರಲ್‌ಗಳು ಕೂಡ ನಿಮ್ಮನ್ನೇ ಕೇಳಿಕೊಂಡು ಬರುತ್ತಿದ್ದರು. ಬೆಳಗಿನ ಹೊತ್ತು ನೀವು ಆ ಸಾಲು ಹಾಸಿಗೆಗಳ ನಡುವೆ ಹೊರಟರೆ ಬ್ರಾನಿಗನ್ ಬೋಗುಣಿ ಹಿಡಿದು ಹಿಂದೆ. ಒಂದೇ ಸ್ಪಂಜಿನಲ್ಲಿ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರ ಗಾಯವನ್ನೂ ಒರೆಸಿ, ಬಗ್ಗಿ ಮೂಸಿ, ಯಾರು ಉಳಿಯುತ್ತಾರೆ ಯಾರು ಹೋಗುತ್ತಾರೆ ಎಂದು ಹೇಳಿಬಿಡುತ್ತಿದ್ದಿರಿ. ಗಟ್ಟಿಯಾಗಿ, ಬೆಳ್ಳಗೆ, ಹಾಲಿನ ಕೆನೆಯ ಹಾಗೆ ಬಂದರೆ ಒಳ್ಳೆಯ ಕೀವು. "ಲೂಸೀ, ಈ ಹುಡುಗ ಮನೆಗೆ ಹೋಗ್ತಾನೆ ನೋಡು!" ಎಂದು ನೀವು ಕೂಗಿದರೆ ಇಡೀ ಇಗರ್ಜಿ ಚಪ್ಪಾಳೆ ತಟ್ಟುತ್ತಿತ್ತು. ಕೀವೇ ಇಲ್ಲದೆ ನೀರು ನೀರಾಗಿ ರಕ್ತ ಜಿನುಗಿದರೆ ನೀವು ಸ್ಪಂಜು ಹಿಂಡಿಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಿದ್ದಿರಿ. ಆಗ ಪಾದ್ರಿಯನ್ನು ಕರೆಯುವುದು ನನ್ನ ಕೆಲಸವಾಗಿತ್ತು.

ಆಮೇಲೆ ಯುದ್ಧ ಮುಗಿಯಿತು, ಎಲ್ಲರೂ ಊರಿಗೆ ಹೋದರು, ನೀವು ಮಾತ್ರ ದಂಡಿನಲ್ಲೇ ಉಳಿದಿರಿ. ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಮಂಚ, ಒಲೆ, ಮಕ್ಕಳು, ಔಷಧಿಯ ಬುಟ್ಟಿ ಹೇರಿಕೊಂಡು ತಿರುಗಿದೆವು. ಕ್ಯಾನ್ಸಸಿನಲ್ಲಿ ಕಾಲರಾ ಬಂದಾಗ ಸಿಪಾಯಿಗಳನ್ನು ನೋಡಿಕೊಂಡು ನಮ್ಮ ಮಕ್ಕಳ ಹತ್ತಿರ ಬರುವಷ್ಟರಲ್ಲಿ ತಡವಾಗಿತ್ತು. ನಾನು ಆಗ ನಿಮ್ಮನ್ನು ಏನೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ ಸಿಪಾಯಿಗಳ ಒಸಡಿನಿಂದ ರಕ್ತ ಬಂದಾಗ ಹಿಮ ಬಗೆದು ಕಾಡು ಈರುಳ್ಳಿ ಕೀಳಿಸಿ ತಿನ್ನಿಸಿ ಅರ್ಧ ಕೋಟೆಯನ್ನು ಉಳಿಸಿದವರು ನೀವು. ನಿಮ್ಮ ಕೆಳಗೆ ಕಲಿತವರೆಲ್ಲ ಪೂರ್ವದ ಪಟ್ಟಣಗಳಲ್ಲಿ ಗಾಡಿ ಇಟ್ಟುಕೊಂಡು ಓಡಾಡುತ್ತಾರೆ, ನೀವು ಇನ್ನೂ ಕ್ಯಾಪ್ಟನ್ನಿನ ಪಟ್ಟಿಯಲ್ಲೇ ಇದ್ದೀರಿ. ನಾನು ಈ ದೂರನ್ನು ಎಷ್ಟು ಸಲ ಹೇಳಿದ್ದೇನೆ ಎಂದರೆ ನಿಮಗೆ ಬಾಯಿಪಾಠವಾಗಿರಬೇಕು. ಇಷ್ಟು ವರ್ಷ ಇಷ್ಟು ಜನರನ್ನು ಕಂಡ ನಿಮ್ಮ ಮಾತನ್ನು ಬಿಟ್ಟು ನಿನ್ನೆ ಮೊನ್ನೆ ಬಂದವನ ಸೀಸೆಯನ್ನು ಹೇಗೆ ನಂಬಲಿ?

ಮತ್ತೆ ಮತ್ತೆ ನನಗೆ ಎಲಿಯೇ ಕಣ್ಣ ಮುಂದೆ ಬರುತ್ತಾನೆ. ನಿಮ್ಮ ತಮ್ಮನ ಹೆಸರನ್ನು ಈ ಮನೆಯಲ್ಲಿ ನಾವು ಎತ್ತುವುದಿಲ್ಲ, ಆದರೂ ಇವತ್ತು ಎತ್ತುತ್ತೇನೆ, ಕ್ಷಮಿಸಿ. ಅವನ ಕಾಲಿಗೂ ಹೀಗೇ, ಇದೇ ಜಾಗದಲ್ಲಿ ಗುಂಡು ಬಿದ್ದಿತ್ತು. ಬೇರೆ ಯಾರೇ ಆಗಿದ್ದರೂ ನೀವು ಒಂದು ಗಳಿಗೆ ಯೋಚಿಸದೆ ಕತ್ತರಿಸುತ್ತಿದ್ದಿರಿ. ಅವನು "ಅಣ್ಣಾ, ಕಾಲು ಬಿಡು, ಕಾಲು ಬಿಡು" ಎಂದು ಅತ್ತ, ನೀವು ಬಿಟ್ಟಿರಿ. ಅವನ ಗಾಯದಲ್ಲಿ ಒಳ್ಳೆಯ ಕೀವು ಬರಲೇ ಇಲ್ಲ. ಮೈಯೆಲ್ಲ ಬೆಂಕಿಯಾಗಿ ಏನೇನೋ ಬಡಬಡಿಸುತ್ತ ಹೋದ. ನೀವು ಅಂದು ಬ್ರಾನಿಗನ್ನನ ಕೈಯಿಂದ ಬೋಗುಣಿ ಕಿತ್ತುಕೊಂಡು ಗೋಡೆಗೆ ಎಸೆದದ್ದನ್ನು ನಾನು ಮರೆತಿಲ್ಲ. ಪ್ರೀತಿ ಇರುವಲ್ಲಿ ಗರಗಸ ಹಿಡಿಯುವ ಧೈರ್ಯ ಇರುವುದಿಲ್ಲ ಎಂದು ನೀವು ಅಂದಿರಿ, ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಈಗ ಅದೇ ಧೈರ್ಯಗೇಡಿತನ ನಾನು ಮಾಡಿದೆನೇ? ಹೆಟ್ಟಿ ಅತ್ತಳೆಂದು ಅವಳನ್ನು ಕೈಯಾರೆ ಕಳೆದುಕೊಳ್ಳುತ್ತೇನೆಯೇ? ನನಗೆ ಭಯವಾಗುತ್ತಿದೆ, ಡಾಕ್ಟರೇ. ಈ ಹೆದರಿಕೆಯನ್ನು ಹೇಳಿಕೊಳ್ಳಲು ನಿಮ್ಮನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ಬ್ರಾನಿಗನ್ ನನ್ನ ಕಡೆ ಇದ್ದಾನೆ. "ಕೀವಿಲ್ದೆ ವಾಸಿಯಾದ ಗಾಯ ನಾನಂತೂ ನೋಡಿಲ್ಲ ಅಮ್ಮಾವ್ರೇ. ಒಳಗೇ ಸೇರ್ಕೊಂಡಿದೆ ಅದು. ಬಿಸಿ ಪಟ್ಟು ಹಾಕಿ ಎಳೆದ್ರೆ ಬಂದ್ಬಿಡತ್ತೆ. ಸಾಹೇಬ್ರು ಇದ್ದಿದ್ರೆ ಅದನ್ನೇ ಮಾಡ್ತಿದ್ರು" ಎನ್ನುತ್ತಾನೆ. ಕೋಟೆಯ ಅಧಿಕಾರ ಅವರ ಕೈಯಲ್ಲಲ್ಲವೇ ಎಂದು ಮೇಜರ್ ಟ್ರಸ್ಕಾಟರ ಹತ್ತಿರವೂ ಹೋಗಿ ಬಂದೆ. ಅವರು ಮೀಸೆ ಸವರಿಕೊಂಡು, "ನೋಡಿ ತಾಯಿ, ನನಗೆ ತೋಪು ಗೊತ್ತು, ಕಾಲು ಗೊತ್ತಿಲ್ಲ. ನಿಮ್ಮ ಯಜಮಾನ್ರು ಬರೋವರ್ಗೂ ಇಲ್ಲಿ ಡಾಕ್ಟರ್ ಅಂದ್ರೆ ಪೆನ್ರೋಸೇ. ನಿಮ್ಮ ಯಜಮಾನ್ರೇ ಬರ್ದು ಕಳ್ಸಿದ್ರೆ ಆ ಮಾತು ಬೇರೆ" ಎಂದರು. ಅದಕ್ಕೇ ಈ ಪತ್ರ. ನೀವು ಬರಲಾಗುವುದಿಲ್ಲ ಎಂದು ಗೊತ್ತು, ಅಷ್ಟು ಜನರನ್ನು ಬಯಲಿನಲ್ಲಿ ಬಿಟ್ಟು ಬನ್ನಿ ಎಂದು ಕೇಳಲಾರೆ. ಒಂದೇ ಒಂದು ಸಾಲು ಬರೆದು ಇದೇ ಟಪಾಲಿನವನ ಕೈಯಲ್ಲಿ ಕಳಿಸಿ. ಕಾಲು ತೆಗೆಯಬೇಕೋ, ಇಲ್ಲ ಆ ಪಟ್ಟಿ ಬಿಚ್ಚಿಸಿ ನಮ್ಮ ಹಳೆಯ ಕ್ರಮದಲ್ಲಿ ಬಿಸಿ ಪಟ್ಟು ಹಾಕಿ ಕೀವು ಬರಿಸಬೇಕೋ. ನೀವು ಯಾವುದು ಹೇಳಿದರೂ ನಡೆಸುತ್ತೇನೆ. ಹೇಳದೆ ಮಾತ್ರ ಇರಬೇಡಿ.

ಹೆಟ್ಟಿ ನಿಮಗೆ ಮುತ್ತು ಕಳಿಸಿದ್ದಾಳೆ. ತಾನು ಬಿದ್ದದ್ದು ಕುದುರೆ ಸವಾರಿ ಬಾರದೆ ಅಲ್ಲ ಎಂಬುದನ್ನು ಅಪ್ಪನಿಗೆ ತಪ್ಪದೆ ಬರಿ ಎಂದು ಎರಡು ಸಲ ಹೇಳಿದಳು, ಬರೆದಿದ್ದೇನೆ. ಬ್ರಾನಿಗನ್ ಸಲಾಮು ಹೇಳಿದ್ದಾನೆ. ನೀವು ಇರುವ ಬಯಲಿನಲ್ಲಿ ದೇವರ ಕೈ ನಿಮ್ಮ ತಲೆಯ ಮೇಲಿರಲಿ, ಅದರ ನೆರಳು ಈ ಕೋಣೆಯವರೆಗೂ ಚಾಚಲಿ.

ಎಂದೆಂದಿಗೂ ನಿಮ್ಮ,
ಲುಸಿಂಡಾ ವಿದರ್ಬಿ

ಮತ್ತೆ — ಇಂದು ಶುಕ್ರವಾರ. ಲಕೋಟೆ ಒಡೆದು ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲಿನವನು ಹೊರಗೆ ಜೀನು ಬಿಗಿಯುತ್ತಿದ್ದಾನೆ. ಹೊಳೆ ಏರಿ ದೋಣಿಯ ಹಗ್ಗ ಹರಿದು ಅವನು ಇಲ್ಲೇ ಉಳಿದುಕೊಂಡಿದ್ದ. ಮೇಲೆ ಬರೆದದ್ದನ್ನೆಲ್ಲ ಮರೆತುಬಿಡಿ, ನಿಮ್ಮ ಸಾಲೂ ಬೇಡ. ನಿಮ್ಮ ಉತ್ತರ ಬರುವವರೆಗೆ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ಬುಧವಾರ ಬೆಳಿಗ್ಗೆ ಪೆನ್ರೋಸ್ ಸಿಪಾಯಿಗಳನ್ನು ನೋಡಲು ಹೋದ ಹೊತ್ತು ಬ್ರಾನಿಗನ್ನನನ್ನು ಕರೆಸಿಕೊಂಡೆ. "ಡಾಕ್ಟರು ಮುಟ್ಬೇಡಿ ಅಂದಿದ್ದಾರಲ್ಲಮ್ಮಾ" ಎಂದು ಹೆಟ್ಟಿ ತಡೆದಳು. ನಿನ್ನ ಅಪ್ಪನೂ ಡಾಕ್ಟರೇ ಎಂದೆ. ಆ ಡಾಂಬರುಪಟ್ಟಿಯನ್ನು ಒಲೆಗೆ ಹಾಕಿ, ವಾರ್ಡಿನಿಂದ ತಂದ ಸ್ಪಂಜಿನಲ್ಲಿ ಗಾಯವನ್ನು ಒಳಗಿನವರೆಗೂ ತೊಳೆದು, ಬ್ರೆಡ್ಡು ಹಾಲಿನ ಬಿಸಿ ಪಟ್ಟು ಹಾಕಿದೆವು. ಪೆನ್ರೋಸ್ ಬಂದವನು ಬಾಗಿಲು ಬಡಿದ, ಬೇಡಿಕೊಂಡ, ಮೇಜರರ ಹತ್ತಿರ ಓಡಿದ. ನಾನು ತೆರೆಯಲಿಲ್ಲ, ಒಬ್ಬ ಅಧಿಕಾರಿಯ ಮನೆಯ ಬಾಗಿಲು ಒಡೆಸಲು ಮೇಜರರಿಗೂ ಮನಸ್ಸಾಗಲಿಲ್ಲ. ನಿನ್ನೆ ಸಂಜೆಗೆ ಕೀವು ಬಂತು, ಡಾಕ್ಟರೇ! ಗಟ್ಟಿಯಾಗಿ, ಬೆಳ್ಳಗೆ, ನೀವು ಮೆಚ್ಚುವಂಥದು. ಬ್ರಾನಿಗನ್ ಮತ್ತು ನಾನು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತುಬಿಟ್ಟೆವು. ಜ್ವರವೂ ಚೆನ್ನಾಗಿ ಏರಿದೆ, ದೇಹ ಕೊನೆಗೂ ಎಚ್ಚೆತ್ತಿದೆ. ಕಾಲು ತೊಡೆಯವರೆಗೆ ಕೆಂಪಾಗಿ ಊದಿದೆ, ಮಂಚ ಅಲ್ಲಾಡುವ ಹಾಗೆ ನಡುಗುತ್ತಾಳೆ, ನನ್ನನ್ನು ಒಮ್ಮೊಮ್ಮೆ ಗುರುತು ಹಿಡಿಯುವುದಿಲ್ಲ. ಕೀವು ಇಳಿದರೆ ಅದೆಲ್ಲ ಸರಿಹೋಗುತ್ತದೆ. ಪೆನ್ರೋಸ್ ಇಂದು ಕಿಟಕಿಯಿಂದ ಇಣುಕಿ ನೋಡಿ ಬಿಳಿಚಿಕೊಂಡ. ಸೋತೆನೆಂದು ಒಪ್ಪಿಕೊಳ್ಳಲು ಆ ವಯಸ್ಸಿನಲ್ಲಿ ಕಷ್ಟವೇ. ಕತ್ತರಿಸಬೇಡಿ ಎಂದವನೇ ಈಗ ಗರಗಸ ಕೇಳುತ್ತಿದ್ದಾನೆ. "ಇವತ್ತೇ ತೆಗೀಬೇಕು ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ನಾಳೆ ಅಂದ್ರೆ ಆಗಲ್ಲ" ಎಂದು ಈ ಕ್ಷಣವೂ ಹೊರಗೆ ಅಳುತ್ತಿದ್ದಾನೆ. ಒಳ್ಳೆಯ ಕೀವು ಬಂದ ಮೇಲೆ ಕಾಲು ಕತ್ತರಿಸುವವರನ್ನು ಎಲ್ಲಾದರೂ ಕಂಡಿದ್ದೀರಾ? ಗರಗಸದ ಪೆಟ್ಟಿಗೆ ನನ್ನ ಹಾಸಿಗೆಯ ಕೆಳಗಿದೆ, ಬಾಗಿಲಿಗೆ ಅಗಳಿ ಹಾಕಿದ್ದೇನೆ. ಇನ್ನು ನೀವು ಅವಸರಪಟ್ಟು ಬರಬೇಕಾಗಿಲ್ಲ.